ಬಚ್ಚಿಟ್ಟ ಮಾತು ಸುಳ್ಳಾಗುವುದು ಯಾವಾಗ?

‘ಅವನ ಗರಡಿಯಲ್ಲಿ ಅಡಗಿದ ಪಟ್ಟಣ’. ಮೂರಕ್ಷರ. ಪದಬಂಧದಲ್ಲಿ ಇಂಥದೊಂದು ಸುಳಿವು ಎದುರಾದರೆ ಮನಸ್ಸು ಮಟ್ಟಿಯ ಮಣ್ಣಿಗೆ, ಪೈಲ್ವಾನರಿಗೆ, ಅಲ್ಲಿಂದ ಸೀದಾ ಮೈಸೂರಿಗೆ ಹೋಗುತ್ತದೆ. ಗರಡಿಗಳಿಗೆ ಹೆಸರಾದ ಊರು, ಅಕ್ಷರವೂ ಮೂರೇ. ಆದರೆ ಅಡ್ಡ ಹಾಯುವ ಪದ ಮೊದಲ ಮನೆಯಲ್ಲಿ ‘ನ’ ಬೇಕೆಂದು ಹಟ ಹಿಡಿಯುತ್ತದೆ. ಮತ್ತೆ ಓದಿದಾಗ ಗುಟ್ಟು ಬಿಡುತ್ತದೆ: ‘ಅವನ ಗರಡಿ’ ಎಂಬ ಅಕ್ಷರಸಾಲಿನೊಳಗೇ ‘ನಗರ’ ಕೂತಿದೆ. ಸುಳಿವು ಹೇಳಿದ್ದೂ ಅದನ್ನೇ. ಒಂದಕ್ಷರವೂ ಸುಳ್ಳಲ್ಲ. ಆದರೂ ಬಿಡಿಸುವವರು ದಾರಿ ತಪ್ಪಲೆಂದೇ ಆ ವಾಕ್ಯವನ್ನು ಕಟ್ಟಲಾಗಿದೆ.

ಕೇಳುವವರು ತಪ್ಪು ತಿಳಿಯಲಿ ಎಂದೇ ಒಬ್ಬರು ನಿಜವನ್ನು ಆಡಿದರೆ ಅದನ್ನು ಸತ್ಯ ಎನ್ನಬೇಕೋ, ಸುಳ್ಳು ಎನ್ನಬೇಕೋ? ಧರ್ಮಶಾಸ್ತ್ರವನ್ನು, ತತ್ತ್ವಶಾಸ್ತ್ರವನ್ನು ಬಹುಕಾಲ ಕಾಡಿದ ಪ್ರಶ್ನೆಯಿದು.

ನಮ್ಮವರಿಗೆ ಇದರ ದೊಡ್ಡ ಉದಾಹರಣೆ ದ್ರೋಣಪರ್ವದಲ್ಲಿದೆ. ಭೀಮ ಅಶ್ವತ್ಥಾಮನೆಂಬ ಆನೆಯನ್ನು ಕೊಂದ. ಯುಧಿಷ್ಠಿರ ‘ಅಶ್ವತ್ಥಾಮ ಸತ್ತ’ ಎಂಬುದನ್ನು ಕೇಳುವಂತೆ, ಆನೆಯ ಮಾತನ್ನು ಕೇಳದಂತೆ ಹೇಳಿದ. ದ್ರೋಣ ಶಸ್ತ್ರ ಕೆಳಗಿಟ್ಟ. ಅಲ್ಲಿಯತನಕ ನೆಲದಿಂದ ನಾಲ್ಕಂಗುಲ ಮೇಲೆ ಸಾಗುತ್ತಿದ್ದ ಧರ್ಮರಾಯನ ರಥ ಆ ಕ್ಷಣ ಮಣ್ಣಿಗೆ ತಾಗಿತು. ಸ್ವರ್ಗಾರೋಹಣ ಪರ್ವದಲ್ಲಿ ಅವನು ಕೊಂಚ ಹೊತ್ತು ನರಕ ನೋಡಬೇಕಾದದ್ದೂ ಇದೇ ಕಾರಣಕ್ಕೆ. ಮಾತು ಅಕ್ಷರಶಃ ನಿಜವಾದರೂ ವಂಚನೆ ವಂಚನೆಯೇ ಎಂಬುದು ಮಹಾಭಾರತದ ತೀರ್ಪು.

ಜರ್ಮನ್ ದಾರ್ಶನಿಕ ಇಮಾನ್ಯುಯೆಲ್ ಕಾಂಟ್ ಇಷ್ಟು ಸ್ಪಷ್ಟವಾಗಿ ಉಳಿಯಲಿಲ್ಲ. ಗೆಳೆಯನನ್ನು ಕೊಲ್ಲಲು ಬಂದವನಿಗೂ ಸುಳ್ಳಾಡಬಾರದು ಎಂದು 1797ರಲ್ಲಿ ವಾದಿಸಿದವನು ಆತ. ಅದಕ್ಕೆ ಮೂರು ವರ್ಷ ಮೊದಲು, ಅವನ ಧಾರ್ಮಿಕ ಬರಹಗಳಿಂದ ಸಿಟ್ಟಾದ ಪ್ರಷ್ಯದ ದೊರೆ ಎರಡನೇ ಫ್ರೆಡ್ರಿಕ್ ವಿಲ್ಹೆಲ್ಮ್‌ಗೆ, ತಮ್ಮ ನಿಷ್ಠಾವಂತ ಪ್ರಜೆಯಾಗಿ ಇನ್ನು ಧರ್ಮದ ಬಗ್ಗೆ ಬರೆಯುವುದಿಲ್ಲ ಎಂದು ಬರೆದುಕೊಟ್ಟಿದ್ದ. 1797ರಲ್ಲಿ ದೊರೆ ತೀರಿಕೊಂಡ. ಮರುವರ್ಷ ಕಾಂಟ್ ಮತ್ತೆ ಬರೆದ. ದೊರೆ ಬದುಕಿರುವವರೆಗೆ ಮಾತ್ರ ಕಟ್ಟುಬೀಳುವಂತೆ ಆ ಪದಗಳನ್ನು ಬೇಕೆಂದೇ ಆರಿಸಿದ್ದೆ ಎಂದೂ ಒಪ್ಪಿಕೊಂಡ. ದೊರೆಯ ಮಟ್ಟಿಗೆ ಅದು ಬಿಡಿಸಲಾಗದ ಸುಳಿವು. ಬಿಡಿಸಬೇಕಾದ ಒಗಟೊಂದು ಅಲ್ಲಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಪತ್ರಿಕೆಯ ಪದಬಂಧ ಬೇರೆಯಾಗುವುದು ಇಲ್ಲೇ. ಆರ್ಥರ್ ವಿನ್ ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯಲ್ಲಿ 1913ರ ಡಿಸೆಂಬರ್ 21ರಂದು ಪ್ರಕಟಿಸಿದ ಮೊದಲ ಪದಬಂಧದಲ್ಲಿ ಈ ತೊಡಕು ಇರಲಿಲ್ಲ. ಅರ್ಥ ಕೊಟ್ಟು ಪದ ಕೇಳುವುದಷ್ಟೇ ಅದರ ಕೆಲಸ. ಸುಳಿವನ್ನು ತಿರುಚಿ ಹೇಳುವ ಗೂಢ ಪದಬಂಧ ಬೆಳೆದದ್ದು ಬ್ರಿಟನ್ನಿನಲ್ಲಿ. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಪದಬಂಧ ರಚಿಸಿದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ತನಗೆ ‘ಟಾರ್ಕಮಾಡಾ’ ಎಂದು ಹೆಸರಿಟ್ಟುಕೊಂಡ. ಸ್ಪೇನಿನ ಮತದ್ರೋಹ ವಿಚಾರಣೆಯ ಕ್ರೂರ ಅಧಿಕಾರಿಯ ಹೆಸರದು. ಅವನ ಒಗಟುಗಳಲ್ಲಿ ಓದುಗರಿಗೆ ರಚನಕಾರನ ಕಡೆಯಿಂದ ಯಾವ ಖಾತರಿಯೂ ಇರಲಿಲ್ಲ. 1939ರಲ್ಲಿ ಅವನು ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದ ಶಾಲಾ ಮೇಷ್ಟ್ರು ಡಿ.ಎಸ್. ಮ್ಯಾಕ್‌ನಟ್ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರು ಹಿಡಿದು ‘ಝಿಮೆನೀಸ್’ ಆದ. ಆದರೆ ಓದುಗರಿಗೆ ನ್ಯಾಯ ಸಿಗಬೇಕೆಂದು ನಿಯಮಗಳನ್ನು ಕಟ್ಟಿ, 1966ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದ.

ಆ ನಿಯಮಗಳ ಹಿಂದಿನ ತತ್ತ್ವವನ್ನು ಎಲ್ಲರಿಗಿಂತ ಚೊಕ್ಕವಾಗಿ ಹೇಳಿದವನು ‘ಅಫ್ರಿಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎ.ಎಫ್. ರಿಚಿ. ಚರ್ಚಿನ ಮನುಷ್ಯ, ವೆಲ್ಸ್ ಕೆಥೀಡ್ರಲ್ ಶಾಲೆಯ ಮುಖ್ಯೋಪಾಧ್ಯಾಯ. 1949ರ ತನ್ನ ಪುಸ್ತಕದಲ್ಲಿ ಅವನು ಹಾಕಿಕೊಟ್ಟ ಕಟ್ಟಳೆಯ ತಿರುಳು ಇಷ್ಟು: ಮೇಲುನೋಟಕ್ಕೆ ತೋರುವ ಅರ್ಥಕ್ಕೆ ರಚನಕಾರ ಹೊಣೆಯಲ್ಲ, ಆದರೆ ತನ್ನ ಮನಸ್ಸಿನಲ್ಲಿರುವ ಅರ್ಥವನ್ನು ಆ ಪದಗಳು ಹೇಳಿರಲೇಬೇಕು. ಪಾದ್ರಿಯೊಬ್ಬ ಮನರಂಜನೆಯ ಪುಟಕ್ಕೆ ಬರೆದುಕೊಟ್ಟ ಸತ್ಯದ ವ್ಯಾಖ್ಯೆ ಇದು. ಇದರ ಭಾರ ಇಂದಿಗೂ ತಗ್ಗಿಲ್ಲ.

ಗರಡಿಯ ಸುಳಿವನ್ನು ಈ ಕಟ್ಟಳೆಗೆ ಹಚ್ಚಿ ನೋಡಬಹುದು. ‘ಪಟ್ಟಣ’ ಎಂಬುದು ಉತ್ತರದ ಅರ್ಥ. ‘ಅವನ ಗರಡಿಯಲ್ಲಿ ಅಡಗಿದ’ ಎಂಬುದು ಅಕ್ಷರ ಹುಡುಕುವ ದಾರಿ. ಬೇರೇನೂ ಇಲ್ಲ. ಅದನ್ನೇ ‘ಅವನ ಗರಡಿಯ ಪಟ್ಟಣ’ ಎಂದು ಬರೆದರೆ, ಪದ ಒಳಗಿದೆ ಎಂದು ಸುಳಿವು ಎಲ್ಲಿಯೂ ಹೇಳಿದಂತಾಗಲಿಲ್ಲ, ಓದುಗರಿಗೆ ಮೋಸವಾಯಿತು. ‘ಅವನ ಗರಡಿಯಲ್ಲಿ ಅಡಗಿದ ಕುಸ್ತಿಯ ಪಟ್ಟಣ’ ಎಂದು ಬರೆಯುವುದು ಇನ್ನೂ ದೊಡ್ಡ ತಪ್ಪು. ವಾಕ್ಯದ ಅಂದಕ್ಕೆಂದು ತುರುಕಿದ ಆ ‘ಕುಸ್ತಿ’ಗೂ ‘ನಗರ’ಕ್ಕೂ ಸಂಬಂಧವಿಲ್ಲ. ಮೊದಲನೆಯದರಲ್ಲಿ ಹೇಳಬೇಕಾದದ್ದನ್ನು ಹೇಳಿಲ್ಲ, ಎರಡನೆಯದರಲ್ಲಿ ಇಲ್ಲದ್ದನ್ನು ಹೇಳಿದೆ.

ಇಂಥ ದೋಷವನ್ನು ಎತ್ತಿ ತೋರಿಸುವುದು ಕೆಲಸವಿಲ್ಲದವರ ಚಪಲವೆಂದು ಕೆಲವರಿಗೆ ಅನ್ನಿಸಬಹುದು. ಹಾಗಲ್ಲ. ಝಿಮೆನೀಸನ ನಂತರ 1972ರಿಂದ ‘ಅಝೆಡ್’ ಹೆಸರಿನಲ್ಲಿ ಆ ಪರಂಪರೆ ಮುಂದುವರಿಸಿದ ಜೊನಾಥನ್ ಕ್ರೌಥರ್, ಓದುಗರಿಂದಲೇ ಸುಳಿವು ಬರೆಸಿ, ಬಂದ ಸುಳಿವುಗಳು ಎಲ್ಲಿ ಎಡವಿವೆ ಎಂದು ಟಿಪ್ಪಣಿ ಕಳುಹಿಸುವ ಪದ್ಧತಿ ಇಟ್ಟುಕೊಂಡರು. ಬಚ್ಚಿಡಲು ಅನುಮತಿ ಪಡೆದವನು ಲೆಕ್ಕ ಒಪ್ಪಿಸಲೂ ಬೇಕು. ಮರುದಿನ ಉತ್ತರ ಅಚ್ಚಾಗುತ್ತದೆ, ಓದುಗರು ತಾಳೆ ನೋಡುತ್ತಾರೆ, ಅನ್ಯಾಯವಾಗಿದ್ದರೆ ದನಿ ಎತ್ತುತ್ತಾರೆ. ರಣರಂಗದಲ್ಲಿ ದ್ರೋಣನಿಗೆ ಈ ಮೂರರಲ್ಲಿ ಒಂದೂ ದಕ್ಕಲಿಲ್ಲ. ವಂಚನೆಗೂ ಒಗಟಿಗೂ ನಡುವಿನ ಗೆರೆ ಇರುವುದು ಹೇಳುವವನ ಅಪೇಕ್ಷೆಯಲ್ಲಿ: ವಂಚಕನಿಗೆ ನಿಜ ಎಂದೂ ಹೊರಬೀಳಬಾರದು, ಒಗಟು ಕಟ್ಟುವವನಿಗೆ ಅದು ಹೊರಬೀಳಲೇಬೇಕು.

ಎರಡೂ ಕಡೆಯವರಿಗೆ ತಿಳಿದೇ ನಡೆಯುವ ಇಂಥ ಒಪ್ಪಂದ ನಮ್ಮ ಕಥೆಗಳಿಗೆ ಹೊಸದಲ್ಲ. ಅರ್ಥ ತಿಳಿಯದೆ ಬರೆಯಕೂಡದೆಂದು ವ್ಯಾಸರು ಗಣಪತಿಗೆ ಷರತ್ತು ಹಾಕಿ, ನಡುನಡುವೆ ಬಿಡಿಸಲಾಗದ ಕೂಟಶ್ಲೋಕಗಳನ್ನು ಇಟ್ಟರಂತೆ. ಅಂಥವು 8,800 ಎಂದು ಆದಿಪರ್ವದ ಪಾಠಗಳು ಹೇಳುತ್ತವೆ. ಪುಣೆಯ ಪರಿಷ್ಕೃತ ಆವೃತ್ತಿ ಈ ಪ್ರಸಂಗವನ್ನು ಮೂಲಪಾಠದಿಂದ ಹೊರಗಿಟ್ಟಿದೆ, ನಿಜ. ಆದರೂ ಲೇಖಕ ಮತ್ತು ಲಿಪಿಕಾರ ಇಬ್ಬರೂ ಒಪ್ಪಿ ಹೂಡಿದ ಆ ಪಂದ್ಯದಲ್ಲಿ ಯಾರಿಗೂ ಮೋಸವಿಲ್ಲ. ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಇವುಗಳ ದಾರಿಯೇ ಬೇರೆ. ಅಲ್ಲಿ ಮರೆಯ ಹಿಂದಿರುವುದು ಅನುಭಾವ. ಒಂದೇ ವಚನಕ್ಕೆ ಇಬ್ಬರು ಟೀಕಾಕಾರರು ಎರಡು ಅರ್ಥ ಹೇಳಿದರೆ ವಚನಕ್ಕೆ ಕುಂದು ಬರುವುದಿಲ್ಲ. ಪದಬಂಧಕ್ಕೆ ಬರುತ್ತದೆ. ಅದರ ಸತ್ಯ ಸಣ್ಣದು, ಎಲ್ಲರೂ ಪರೀಕ್ಷಿಸಬಹುದಾದದ್ದು. ಆದ್ದರಿಂದಲೇ ಅದು ಕಟ್ಟುನಿಟ್ಟಾಗಿರಬೇಕು.

ನಿಯಮ ಪಾಲಿಸಿದರೆ ಎಲ್ಲವೂ ಮುಗಿಯಿತೇ? ಜಾನ್ ಗ್ರಹಾಂ ಅವರ ಬದುಕು ನೋಡಿದರೆ ಹಾಗೆನ್ನಿಸುವುದಿಲ್ಲ. ಇವರೂ ಪಾದ್ರಿ. 1958ರಿಂದ ಇಂದಿನ ‘ಗಾರ್ಡಿಯನ್’ ಪತ್ರಿಕೆಗೆ ಪದಬಂಧ ಬರೆಯುತ್ತಿದ್ದವರು. ಮುಂದೆ ‘ಮಂಕಿ ಪಝಲ್’ ಎಂದು ಇಂಗ್ಲಿಷಿನಲ್ಲಿ ಕರೆಯುವ ಮರದ ಶಾಸ್ತ್ರೀಯ ಹೆಸರನ್ನೇ ಹಿಡಿದು ‘ಅರಾಕೇರಿಯ’ ಆದರು. ವಿವಾಹ ವಿಚ್ಛೇದನದ ಕಾರಣಕ್ಕೆ ಚರ್ಚಿನ ಕೆಲಸ ಕೈಬಿಟ್ಟಾಗ ಪದಬಂಧವೇ ಅವರ ಜೀವನೋಪಾಯವಾಯಿತು. ಝಿಮೆನೀಸನ ಕಟ್ಟುಗಳನ್ನು ಅವರು ಸಡಿಲವಾಗಿಯೇ ಇಟ್ಟುಕೊಂಡಿದ್ದರು. ಶಿಸ್ತಿನವರು ಅದಕ್ಕೆ ಆಕ್ಷೇಪವನ್ನೂ ಎತ್ತುತ್ತಿದ್ದರು.

2013ರ ಜನವರಿಯಲ್ಲಿ ‘ಗಾರ್ಡಿಯನ್’ನಲ್ಲಿ ಬಂದ ಅವರ ಪದಬಂಧದ ಮೇಲೆ ಒಂದು ಪುಟ್ಟ ಟಿಪ್ಪಣಿ ಇತ್ತು: ಅರಾಕೇರಿಯಗೆ ಇಂಥ ಸಂಖ್ಯೆಯ ಉತ್ತರದಲ್ಲಿರುವುದು ಆಗಿದೆ, ಇಂಥ ಸಂಖ್ಯೆಗಳಲ್ಲಿರುವ ಚಿಕಿತ್ಸೆ ನಡೆದಿದೆ. ಓದುಗರು ಒಂದೊಂದೇ ಮನೆ ತುಂಬುತ್ತ ಹೋದಂತೆ ಕ್ಯಾನ್ಸರ್, ಅನ್ನನಾಳ, ನೋವು ತಗ್ಗಿಸಲಷ್ಟೇ ಕೊಡುವ ಆರೈಕೆ ಎಂಬ ಪದಗಳು ಮೂಡಿಬಂದವು. ಅರ್ಧ ಶತಮಾನದಿಂದ ತಮ್ಮನ್ನು ಬಲ್ಲ ಅಪರಿಚಿತರಿಗೆ ಆ ಮುದುಕ ತಮ್ಮ ಸಾವಿನ ಸುದ್ದಿಯನ್ನು ತಿಳಿಸಿದ ಬಗೆ ಇದು. ಅದೇ ವರ್ಷ ನವೆಂಬರಿನಲ್ಲಿ, 92ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಮರೆಯ ಇನ್ನೊಂದು ಉಪಯೋಗ ಇಲ್ಲಿ ಕಾಣುತ್ತದೆ. ಕೆಲವು ನಿಜಗಳನ್ನು ಮುಖಕ್ಕೆ ಹೊಡೆದಂತೆ ಹೇಳುವುದಕ್ಕಿಂತ, ಕೇಳುವವರು ತಾವೇ ತಮ್ಮ ವೇಗದಲ್ಲಿ ತಲುಪುವಂತೆ ಇಡುವುದು ಮನುಷ್ಯತ್ವ. ನಿಯಮದ ಮಾತಿನಲ್ಲಿ ಝಿಮೆನೀಸ್ ಸರಿ. ನಿಯಮ ಯಾರಿಗಾಗಿ ಇದೆ ಎಂಬುದನ್ನು ಅರಾಕೇರಿಯ ಹೆಚ್ಚು ಬಲ್ಲವರಾಗಿದ್ದರು.

ಕನ್ನಡದಲ್ಲಿ ಪದಬಂಧಕ್ಕೆ ಬರವಿಲ್ಲ. ಅ.ನಾ. ಪ್ರಹ್ಲಾದ ರಾವ್ ಒಬ್ಬರೇ 30,000ಕ್ಕೂ ಹೆಚ್ಚು ರಚಿಸಿದ್ದಾರೆ. ನಮ್ಮಲ್ಲಿ ಹೆಚ್ಚಿನ ಸುಳಿವುಗಳು ನೇರ ಅರ್ಥದವು. ಆದರೂ ನ್ಯಾಯದ ಪ್ರಶ್ನೆ ತಪ್ಪುವುದಿಲ್ಲ. ಎರಡಕ್ಷರದ ಚಂದ್ರ ಎಂದರೆ ಶಶಿಯೂ ಹೌದು, ಸೋಮನೂ ಹೌದು, ಇಂದುವೂ ಹೌದು. ಅಡ್ಡ ಹಾಯುವ ಪದ ಇವುಗಳಲ್ಲಿ ಒಂದನ್ನು ಗೊತ್ತುಮಾಡದಿದ್ದರೆ ಅದು ಬಿಡಿಸುವವರ ಸೋಲಲ್ಲ. ಇಂಥದನ್ನು ಕಂಡಾಗ ಓದುಗರು ಸುಮ್ಮನೆ ಪುಟ ಮಡಚದೆ ಸಂಪಾದಕರಿಗೆ ನಾಲ್ಕು ಸಾಲು ಬರೆಯಬೇಕು. ಪತ್ರಿಕೆಗಳು ಪದಬಂಧದ ಜೊತೆ ರಚನಕಾರರ ಹೆಸರು ಹಾಕಲಿ, ಉತ್ತರದ ಜೊತೆ ತೊಡಕಿನ ಸುಳಿವುಗಳಿಗಾದರೂ ಒಂದೊಂದು ಸಾಲಿನ ವಿವರಣೆ ಕೊಡಲಿ.