ಕಡಲ ತೀರದ ರಜೆ

ಬೇಸಿಗೆ ರಜೆಯಲ್ಲಿ ಶಿಕಾರಿಪುರ, ಸೊರಬದ ಅನೇಕ ಕುಟುಂಬಗಳು ಸಾಗರ, ಜೋಗ ದಾಟಿ, ಗೇರುಸೊಪ್ಪೆ ಘಟ್ಟವಿಳಿದು ಹೊನ್ನಾವರ ಸೇರುತ್ತವೆ. ಶರಾವತಿ ಕಡಲನ್ನು ಕೂಡುವ ಆ ಪುಟ್ಟ ಬಂದರಿನಲ್ಲಿ ನಾಲ್ಕು ದಿನ ಅಲೆ, ಗಾಳಿ, ಮೀನು ಸಾರು. ಇದರಲ್ಲಿ ತಪ್ಪೇನಿದೆ? ದಣಿದ ಪ್ರೇಷಿತರನ್ನು ಏಕಾಂತ ಸ್ಥಳಕ್ಕೆ ವಿಶ್ರಾಂತಿಗೆಂದು ಕರೆದವರು ಸ್ವತಃ ಯೇಸುಸ್ವಾಮಿಯೇ (ಮಾರ್ಕ 6:31).

ಆದರೆ ಧರ್ಮೋಪದೇಶಕಾಂಡದ ಸಬ್ಬತ್ ಆಜ್ಞೆ ಯಜಮಾನನ ವಿಶ್ರಾಂತಿಯಲ್ಲಿಯೇ ನಿಲ್ಲುವುದಿಲ್ಲ. ಆಳುಗಳಿಗೂ, ಎತ್ತು ಕತ್ತೆಗಳಿಗೂ ಅದನ್ನು ವಿಧಿಸುತ್ತದೆ (5:14). ಅಲ್ಲಿ ವಿಶ್ರಾಂತಿಯು ಸುಖದ ಮಾತಲ್ಲ, ನ್ಯಾಯದ ಮಾತು. ನಮ್ಮ ರಜೆಯ ಮೇ ತಿಂಗಳು ಮೀನುಗಾರರಿಗೆ ಅವಸರದ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನುಗಳ ಸಂತಾನವೃದ್ಧಿಯ ಕಾಲವದು. ಕಡಲಿಗೇನೋ ಬಿಡುವು ಸಿಕ್ಕಿತು. ಹಿಡಿದ ಮೀನಿನ ಪಾಲನ್ನೇ ನಂಬಿರುವ ದೋಣಿಯಾಳಿಗೆ? ದುಡಿಮೆಯಿಲ್ಲದ ದಿನ ಅವನಿಗೆ ವಿಶ್ರಾಂತಿಯಲ್ಲ, ಬರೀ ಚಿಂತೆ. ಶಿಕಾರಿಪುರದ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಹೊಲದ ಬದುವಿನ ಮೇಲೆ ಸುಮ್ಮನೆ ಕೂರುವುದು ರಜೆಯಲ್ಲವೆಂದು ಅವನು ಚೆನ್ನಾಗಿ ಬಲ್ಲ.

ಆದರೂ ಬಂದರಿನ ಧಕ್ಕೆಯಲ್ಲಿ, ನಸುಕಿನಿಂದ ಬುಟ್ಟಿಯ ಮುಂದೆ ಕುಳಿತ ಹೆಂಗಸಿನೊಡನೆ ಬಂಗುಡೆಯ ಬೆಲೆಗಾಗಿ ಚೌಕಾಸಿಗೆ ನಿಲ್ಲುವವನು ಅವನೇ. ಕಳೆದ ಸುಗ್ಗಿಯಲ್ಲಿ ವ್ಯಾಪಾರಿ ತನ್ನ ಮೆಕ್ಕೆಜೋಳಕ್ಕೆ ಹೀಗೆಯೇ ಬೆಲೆ ಇಳಿಸಿದಾಗ ರಾತ್ರಿಯಿಡೀ ನಿದ್ದೆ ಬಾರದೆ ಹೊರಳಿದವನೂ ಅವನೇ.