ಬಾರದೆ ಹೋದ ಹಿಮಪಾತ

ಕೇಡು ಬಂದೇ ಬರುವುದೆಂದು ತಿಳಿದಾಗ ಸಿದ್ಧರಾಗುವುದು ಸಹಜ. ಆದರೆ ಅದು ಬಂದೀತು, ಬಾರದೆಯೂ ಹೋದೀತು ಎಂಬಂಥ ಸ್ಥಿತಿಯಲ್ಲಿ ನಮ್ಮ ಕರ್ತವ್ಯವೇನು? ಸಿದ್ಧತೆಗೆ ಶ್ರಮ, ದ್ರವ್ಯ, ಕಾಲಗಳು ವ್ಯಯವಾಗುತ್ತವೆ. ಕೇಡು ಬಾರದಿದ್ದರೆ ಅವೆಲ್ಲವೂ ವ್ಯರ್ಥವೆನಿಸಿ, ಎಚ್ಚರಿಸಿದವನು ನಗೆಗೀಡಾಗುತ್ತಾನೆ. ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯ ಜನರು ಪ್ರತಿ ಚಳಿಗಾಲದಲ್ಲಿಯೂ ಈ ಪ್ರಶ್ನೆಯನ್ನು ಎದುರಿಸುತ್ತಾರೆ. ಅವರ ಜೀವನಕ್ರಮವನ್ನು ಅವಲೋಕಿಸಿದರೆ ಉತ್ತರದ ಎಳೆಯೊಂದು ದೊರೆಯಬಹುದು.

ಚಂದ್ರಾ ಮತ್ತು ಭಾಗಾ ನದಿಗಳು ತಾಂಡಿಯೆಂಬಲ್ಲಿ ಸಂಗಮಿಸುವ ಈ ನಾಡು ಹಿಮಾವೃತ ಶಿಖರಗಳ ನಡುವಿನದು. 3,978 ಮೀಟರ್ ಎತ್ತರದ ರೋಹ್ತಾಂಗ್ ದಾರಿಯು ಹಿಮದಿಂದ ಮುಚ್ಚಿತೆಂದರೆ ಹಿಂದೆ ತಿಂಗಳುಗಟ್ಟಲೆ ಮನಾಲಿಯ ಕಡೆಗೆ ರಸ್ತೆಯೇ ಇರುತ್ತಿರಲಿಲ್ಲ. 2020ರ ಅಕ್ಟೋಬರ್ 3ರಂದು ಸುಮಾರು 9 ಕಿಲೋಮೀಟರ್ ಉದ್ದದ ಅಟಲ್ ಸುರಂಗವು ತೆರೆದ ಮೇಲೆ ಆ ಏಕಾಂತವು ಬಹಳಮಟ್ಟಿಗೆ ನೀಗಿದೆ. ಆದರೂ ಭಾರೀ ಹಿಮ ಸುರಿದಾಗ ಕಣಿವೆಯ ಒಳರಸ್ತೆಗಳು ಇಂದಿಗೂ ಮುಚ್ಚಿಹೋಗುತ್ತವೆ. ಆದುದರಿಂದ ಬೇಸಗೆಯ ದಿನಗಳಲ್ಲಿಯೇ ಹುಲ್ಲು ಕೊಯ್ದು ಒಣಗಿಸುವುದು, ಸೊಪ್ಪು ತರಕಾರಿಗಳನ್ನು ಬಿಸಿಲಿಗೆ ಹರಡುವುದು, ಸೌದೆ ಕೂಡಿಡುವುದು, ಹಿಟ್ಟು ಬೀಸಿಡುವುದು ಅಲ್ಲಿಯ ಗೃಹಕೃತ್ಯ.

ಮೆಡಿಟರೇನಿಯನ್ ಸಮುದ್ರದ ಕಡೆಯಲ್ಲಿ ಹುಟ್ಟಿ, ಮೇಲಣ ಪಶ್ಚಿಮ ಮಾರುತಗಳೊಡನೆ ಪೂರ್ವಕ್ಕೆ ಸಾಗಿಬರುವ ವಾಯುಭಾರ ಕುಸಿತಗಳೇ ಇಲ್ಲಿಯ ಚಳಿಗಾಲದ ಹಿಮಕ್ಕೆ ಮುಖ್ಯ ಕಾರಣ. ಅವು ಸಮೀಪಿಸುವ ಸೂಚನೆ ಹವಾಮಾನ ಇಲಾಖೆಗೆ ಮುಂಚಿತವಾಗಿಯೇ ದೊರೆಯುತ್ತದೆ. ಆದರೆ ಯಾವ ಊರಿನಲ್ಲಿ ಎಷ್ಟು ಹಿಮ ಬಿದ್ದೀತೆಂಬುದನ್ನು ಖಚಿತವಾಗಿ ಹೇಳಲಾಗದು. ಬೆಟ್ಟದ ಓರೆಕೋರೆ, ಒಂದೆರಡು ಡಿಗ್ರಿ ಉಷ್ಣತೆಯ ಅಂತರಗಳೇ ಫಲವನ್ನು ಬದಲಿಸಬಲ್ಲವು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಎಚ್ಚರದ ಮಟ್ಟವನ್ನು ತಿಳಿಸುತ್ತವೆಯೇ ಹೊರತು ಮುಂದಿನದನ್ನು ನಿಶ್ಚಯಿಸಿ ಕೊಡುವುದಿಲ್ಲ. 1979ರ ಮಾರ್ಚ್ ತಿಂಗಳಲ್ಲಿ, ಚಳಿಗಾಲವು ಕೊನೆಗೊಳ್ಳುವ ಹೊತ್ತಿನಲ್ಲಿ, ಹಿಮಕುಸಿತಗಳು ಈ ನಾಡಿನಲ್ಲಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. 2018ರ ಸೆಪ್ಟೆಂಬರ್‌ನಲ್ಲಿ ಹಿಮವು ಅಕಾಲದಲ್ಲಿ ಸುರಿದು, ಹೊಲದಲ್ಲಿದ್ದ ಬೆಳೆಯನ್ನು ಕೆಡಿಸಿತು. ಹಾಗೆಂದು ಹಿಮ ಬಾರದಿರಲೆಂದು ಹಾರೈಸುವಂತೆಯೂ ಇಲ್ಲ. ಬೇಸಗೆಯಲ್ಲಿ ಹೊಲದ ಕಾಲುವೆಗಳಿಗೆ ನೀರೊದಗಿಸುವುದು ಆ ಹಿಮವೇ. ಬಂದರೂ ಚಿಂತೆ, ಬಾರದಿದ್ದರೂ ಚಿಂತೆ.

ಇಂತಹ ಸಂದಿಗ್ಧದಲ್ಲಿ ಮಾಡಿದ ಕಾರ್ಯವನ್ನು ಅದರ ಫಲದಿಂದಲೇ ಅಳೆಯುವುದು ನ್ಯಾಯವಲ್ಲ. ‘ಹಿಮ ಸುರಿಯಬಹುದು, ದಾರಿ ಹಿಡಿಯಬೇಡಿ’ ಎಂದವನು ಮರುದಿನ ಬಿಸಿಲು ಬಿದ್ದ ಮಾತ್ರಕ್ಕೆ ಸುಳ್ಳುಗಾರನಾಗುವುದಿಲ್ಲ. ಅಂದು ತಿಳಿದಿದ್ದಷ್ಟನ್ನು ಅವನು ಪ್ರಾಮಾಣಿಕವಾಗಿ ನುಡಿದನೇ ಎಂಬುದಷ್ಟೇ ವಿಚಾರಣೀಯ. ಎರಡು ಬಗೆಯ ತಪ್ಪುಗಳೂ ಸಮಾನವಲ್ಲ. ಹಿಮ ಬಾರದಿದ್ದರೆ ಕೂಡಿಟ್ಟ ಸೌದೆ ಇನ್ನೊಂದು ರಾತ್ರಿಗೆ ಉರಿಯುತ್ತದೆ, ಹುಲ್ಲು ಇನ್ನೊಂದು ದಿನ ದನಕ್ಕಾಗುತ್ತದೆ. ಸಿದ್ಧತೆಯಿಲ್ಲದೆ ಹೋದ ಜೀವವು ಮರಳಿ ಬಾರದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ನಮ್ಮ ಗಾದೆಯ ತಾತ್ಪರ್ಯವೂ ಇದೇ.

ಆದರೆ ಇಲ್ಲೊಂದು ಆಕ್ಷೇಪಕ್ಕೆ ಎಡೆಯುಂಟು. ಎಚ್ಚರಿಕೆಯ ಬೆಲೆಯನ್ನು ಎಲ್ಲರೂ ಸಮನಾಗಿ ತೆರುತ್ತಾರೆಯೇ? ಉಗ್ರಾಣ ತುಂಬಿರುವವನಿಗೆ ಎರಡು ದಿನ ಮನೆಯಲ್ಲಿ ಕುಳಿತಿರುವುದು ವಿಶ್ರಾಂತಿ. ದೂರದ ಸೀಮೆಗಳಿಂದ ಬಂದು ಬೆಟ್ಟದ ರಸ್ತೆಯಲ್ಲಿ ದುಡಿಯುವ ದಿನಗೂಲಿಯವನಿಗೆ ಅದೇ ಎರಡು ದಿನ ಉಪವಾಸದ ಭೀತಿ. ಅವನು ಎಚ್ಚರಿಕೆಯನ್ನು ಮೀರಿ ಹೊರಟರೆ ಅದನ್ನು ಅವಿವೇಕವೆಂದು ಹಳಿಯುವುದು ಸುಲಭ. ಹೊಟ್ಟೆಯ ಹಸಿವು ಖಚಿತ, ಹಿಮಪಾತ ಅನಿಶ್ಚಿತ ಎಂಬುದು ಅವನ ಲೆಕ್ಕಾಚಾರ. ಆ ಲೆಕ್ಕವನ್ನು ತಪ್ಪೆನ್ನುವ ಅಧಿಕಾರವು, ಅವನ ಎರಡು ದಿನಗಳ ಅನ್ನದ ಹೊಣೆ ಹೊತ್ತವರಿಗೆ ಮಾತ್ರ ಉಂಟು.

ಸಂಗ್ರಹದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಹಿಮದ ಸುದ್ದಿ ಕೇಳಿ ಚಳಿಗಾಲಕ್ಕೆ ಸಾಲುವಷ್ಟು ಕೂಡಿಡುವುದು ದೂರದೃಷ್ಟಿ. ಅದೇ ಸುದ್ದಿಯಿಂದ ಬೆದರಿ ಅಂಗಡಿಯ ಸೀಮೆಎಣ್ಣೆಯನ್ನೆಲ್ಲ ಒಬ್ಬನೇ ಕೊಳ್ಳುವುದೂ, ಇದ್ದ ಸರಕಿಗೆ ಬೆಲೆಯೇರಿಸುವುದೂ ಪರಿಗ್ರಹ. ಹೊರನೋಟಕ್ಕೆ ಕೂಡಿಡುವ ಕೈಗಳೆರಡೂ ಒಂದೇ; ನೆರೆಮನೆಯವನು ಬಾಗಿಲು ತಟ್ಟಿದಾಗ ಅವುಗಳ ಭೇದ ಗೋಚರವಾಗುತ್ತದೆ.

ಮಣ್ಣಿನ ಮಟ್ಟಸ ಮಾಳಿಗೆಯ ಮೇಲೆ ಹಿಮ ಬಿದ್ದರೆ ಭಾರ ಹೆಚ್ಚುವ ಮೊದಲೇ ಅದನ್ನು ಎತ್ತಿ ಹಾಕಬೇಕು. ಬಲವಿದ್ದವನು ತನ್ನ ಮಾಳಿಗೆಯನ್ನು ತಾನೇ ನೋಡಿಕೊಳ್ಳಬಲ್ಲ. ಒಂಟಿಯಾಗಿರುವ ವೃದ್ಧೆಯ ಮಾಳಿಗೆಗೆ ಯಾರು ಏರುವರೆಂಬುದನ್ನು ಹಿಮ ಬೀಳುವ ಮುನ್ನವೇ ಗೊತ್ತುಮಾಡಿಕೊಂಡ ಊರೇ ನಿಜವಾಗಿ ಸಿದ್ಧವಾದ ಊರು. ಆ ವರ್ಷ ಹಿಮ ಬಾರದೆ ಹೋದರೂ ಅವರು ಕಳೆದುಕೊಂಡುದೇನೂ ಇಲ್ಲ; ಆ ಮುದುಕಿಗೆ ತನ್ನವರೆಂದು ಕೆಲವರು ಇದ್ದಾರೆಂಬುದು ತಿಳಿದಿರುತ್ತದೆ.