ನೇಗಿಲು ಮುಟ್ಟದ ದಡ

ಸ್ವಾಮಿ, ಕೊಡು ಎಂದು ಕೇಳುವವರ ಸಾಲು ನಿನ್ನ ಬಾಗಿಲಲ್ಲಿ ಯಾವತ್ತೂ ಉದ್ದ. ನಾನು ಬಂದಿರುವುದು ಒಂದು ತಡೆಯನ್ನು ಬೇಡಲು. ತಾನಾ ಸರೋವರದ ದಡದಲ್ಲಿ ನೀನೊಮ್ಮೆ ಹಾಕಿದೆ ಎನ್ನುತ್ತಾರಲ್ಲ, ಅಂಥದ್ದು.

ಇಥಿಯೋಪಿಯಾದ ಎತ್ತರದ ನೆಲದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಮೇಲೆ ಆ ನೀರನ್ನು ಹರಡಿಟ್ಟವನು ನೀನು. ಹರವು ಸುಮಾರು 3,000 ಚದರ ಕಿಲೋಮೀಟರ್, ಆಳ ಮಾತ್ರ ಹೆಚ್ಚೆಂದರೆ ಹದಿನೈದು ಮೀಟರಿನ ಆಸುಪಾಸು. ಆ ನೀರೇ ತೆಂಕಣ ತುದಿಯಲ್ಲಿ, ಬಹಿರ್ ದಾರ್ ಊರಿನ ಬಳಿ, ಅಬ್ಬಾಯ್ ಹೊಳೆಯಾಗಿ ಹೊರಟು ನೀಲಿ ನೈಲ್ ಎನಿಸಿಕೊಂಡು ಈಜಿಪ್ಟಿನ ಹೊಲಗಳವರೆಗೆ ನಡೆಯುತ್ತದೆ. ಅದರ ದ್ವೀಪಗಳಲ್ಲೂ ದಡದ ಕಾಡುಗಳಲ್ಲೂ ಇಥಿಯೋಪಿಯಾದ ಆರ್ಥೊಡಾಕ್ಸ್ ಸಭೆಯ ಸಂನ್ಯಾಸಿಗಳು ಶತಮಾನಗಳಿಂದ ನಿನ್ನನ್ನು ಹಾಡುತ್ತ ಕೂತಿದ್ದಾರೆ.

ಝೆಗೆ ಎಂಬ ಪರ್ಯಾಯದ್ವೀಪದ ಮಾತು ಹೇಳುತ್ತೇನೆ. ಹದಿನಾಲ್ಕನೇ ಶತಮಾನದಲ್ಲಿ ಬೆತ್ರೆ ಮರ್ಯಮ್ ಎಂಬ ಸಂತ ಅಲ್ಲಿಗೆ ಬಂದನಂತೆ. ಇಲ್ಲಿ ನೇಗಿಲು ಹೂಡಬಾರದು, ದನ ಸಾಕಬಾರದು, ಕಾಡಿನ ನೆರಳಲ್ಲಿ ಬೆಳೆಯುವ ಕಾಫಿಯೇ ನಿಮ್ಮ ಹೊಟ್ಟೆ ಹೊರೆಯುತ್ತದೆ ಎಂದು ನೀನು ಅವನಿಗೆ ಮಾತು ಕೊಟ್ಟೆ ಎನ್ನುತ್ತದೆ ಐತಿಹ್ಯ. ಕೊಟ್ಟೆಯೋ ಇಲ್ಲವೋ ನಿನಗೇ ಗೊತ್ತು. ಜನ ನಂಬಿದರು. ಸುತ್ತಣ ಸೀಮೆಯೆಲ್ಲ ಉಳುಮೆಗೆ ಬೋಳಾದರೂ ಝೆಗೆಯ ಮರಗಳು ನಿಂತವು. ಆ ಮರಗಳ ನಡುವೆ ಊರಾ ಕಿದಾನೆ ಮೆಹ್ರೆತ್ ಎಂಬ ಮಠದ ದುಂಡು ಗುಡಿ. ಒಂದರೊಳಗೊಂದು ಮೂರು ಸುತ್ತು: ಹೊರಸುತ್ತಿನಲ್ಲಿ ಹಾಡುವವರು, ನಡುವಿನಲ್ಲಿ ಪ್ರಸಾದ ಕೊಳ್ಳುವವರು, ಒಳಗರ್ಭದಲ್ಲಿ ತಾಬೋತ್ ಎಂಬ ಪವಿತ್ರ ಫಲಕ. ಅಲ್ಲಿಗೆ ಪಾದ್ರಿಗಳಿಗಷ್ಟೇ ಪ್ರವೇಶ. ಗರ್ಭಗುಡಿಯ ಗೋಡೆಗೆ ಅಂಟಿಸಿದ ಬಟ್ಟೆಯ ಮೇಲೆ ಸಂತರೂ ಸೈತಾನರೂ ಕೆಂಪು, ಹಳದಿ, ನೀಲಿಯಲ್ಲಿ ತುಂಬಿಕೊಂಡಿದ್ದಾರೆ. ಕಣ್ಣುಗಳಂತೂ ಮುಖಕ್ಕಿಂತ ದೊಡ್ಡವೇನೋ ಎನಿಸುವಷ್ಟು. ಚಪ್ಪಲಿ ಹೊರಗೆ ಬಿಡಬೇಕು. ನಮಗದು ಹೊಸದಲ್ಲ. ಹಬ್ಬ ಬಂದರೆ ಕೆಬೆರೊ ಎಂಬ ಡೋಲು, ಕೈಯಲ್ಲಾಡಿಸುವ ಗೆಜ್ಜೆ, ಊರುಗೋಲು ಹಿಡಿದು ತೂಗುತ್ತ ಹಳೆಯ ಗೀಝ್ ಭಾಷೆಯ ಹಾಡು.

ಆ ನಾಡಿನ ಕಾಫಿಯೇ ಯೆಮೆನ್ ದಾಟಿ, ಬಾಬಾಬುಡನ್ ಎಂಬ ಫಕೀರನ ಜೊತೆಯಲ್ಲಿ ನಮ್ಮ ಬೆಟ್ಟಗಳಿಗೆ ಬಂತೆಂದು ಮಲೆನಾಡು ನಂಬಿದೆ. ನಾನು ಕೊಡಗಿನ ಕಾಫಿ ತೋಟದವಳು, ಸ್ವಾಮಿ. ಅದಕ್ಕೇ ಝೆಗೆಯ ಕಥೆ ನನ್ನನ್ನು ಚುಚ್ಚುತ್ತದೆ. ಅಲ್ಲಿ ಕಾಡು ಉಳಿದದ್ದು ಕಾಫಿಯ ನೆಪದಲ್ಲಿ. ಇಲ್ಲಿ ಎಷ್ಟೋ ದೇವರಕಾಡುಗಳನ್ನು ತಿಂದದ್ದೇ ಕಾಫಿ. ಆ ಕಾಡುಗಳ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುವ ನಾವೇ, ಅವನ ಬೇಲಿಯನ್ನು ವರ್ಷಕ್ಕೊಂದು ಮಾರು ಒಳಗೆ ಸರಿಸಿದೆವು. ಗಿಡ ಒಂದೇ, ದೇವರ ಭಯವೂ ಒಂದೇ ಬಗೆಯದು. ಆ ತಡೆಯನ್ನು ಅವರು ಹೊಟ್ಟೆಪಾಡಿನ ಕರಾರಾಗಿ ಹಿಡಿದರು, ನಾವು ಹಬ್ಬದ ದಿನದ ಮಾತಾಗಿ ಉಳಿಸಿಕೊಂಡೆವು. ಒಂದು ತಮಾಷೆಯನ್ನೂ ನಿನಗೆ ನೆನಪಿಸಬೇಕು: ಇಥಿಯೋಪಿಯಾದ ಆ ಸಭೆ ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಕಾಫಿ ಕುಡಿಯುವುದನ್ನೇ ಒಪ್ಪುತ್ತಿರಲಿಲ್ಲ. ಬೆಳೆದು ಮಾರಬಹುದು, ಬಾಯಿಗಿಡಬಾರದು.

ಆದರೆ ನಿನ್ನ ತಡೆಗಳ ಬೆಲೆ ತೆತ್ತವರು ಯಾರು? ಝೆಗೆಯ ಕಾಫಿ ಬಿಡಿಸಿದ ಕೈಗಳಲ್ಲಿ ಗುಲಾಮರ ಕೈಗಳೂ ಇದ್ದವು. ಆ ದೇಶ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದದ್ದು 1942ರಲ್ಲಿ. ನೇಗಿಲನ್ನು ಪಾಪವೆಂದ ನೆಲ ಮನುಷ್ಯನನ್ನು ಕೊಳ್ಳುವುದನ್ನು ಪಾಪವೆನ್ನಲಿಲ್ಲ. ನಮ್ಮ ತೋಟದ ಕೂಲಿಗಳ ಲೈನ್‌ಮನೆಗಳ ಚರಿತ್ರೆ ಗೊತ್ತಿರುವ ನನಗೆ ಇದರಲ್ಲಿ ದೊಡ್ಡ ಮಾತಾಡುವ ಹಕ್ಕಿಲ್ಲ, ಆದರೂ ನಿನ್ನನ್ನು ಕೇಳದೆ ಬಿಡಲಾರೆ.

ಇನ್ನು ಹೆಣ್ಣಿನ ಮಾತು. ಇದೇ ಸರೋವರದ ದಾಗಾ ಎಸ್ತಿಫಾನೋಸ್ ದ್ವೀಪದಲ್ಲಿ ಝರಾ ಯಾಕೋಬ್, ಫಾಸಿಲಿದಸ್ ಮುಂತಾದ ಚಕ್ರವರ್ತಿಗಳ ಒಣಗಿದ ದೇಹಗಳು ಗಾಜಿನ ಪೆಟ್ಟಿಗೆಗಳಲ್ಲಿವೆ. ಸತ್ತ ಗಂಡಸರಿಗೆ ಜಾಗವುಂಟು, ಬದುಕಿರುವ ಹೆಂಗಸಿಗೆ ದೋಣಿಕಟ್ಟೆಯೇ ಗಡಿ. ಕೆಬ್ರಾನ್ ಗಬ್ರಿಯೇಲ್ ದ್ವೀಪದಲ್ಲೂ ಹಾಗೇ. ಹದಿನೆಂಟನೇ ಶತಮಾನದ ರಾಣಿ ಮೆಂತೆವಾಬ್ ದೆಕ್ ದ್ವೀಪದ ಬಳಿ ನಾರ್ಗಾ ಸೆಲಾಸಿ ಎಂಬ ಚೆಂದದ ಗುಡಿ ಕಟ್ಟಿಸಿ, ಮರಿಯಮ್ಮನ ಪಾದದಡಿ ತಾನು ಅಡ್ಡಬಿದ್ದ ಚಿತ್ರ ಬರೆಸಿಕೊಂಡಳು. ಆ ಚಿತ್ರದಲ್ಲಿ ಭಕ್ತಿಯಿದೆ ಎನ್ನುತ್ತಾರೆ. ನನಗೆ ಹಠವೂ ಕಾಣುತ್ತದೆ, ತಪ್ಪು ತಿಳಿಯಬೇಡ. ಮರಕ್ಕೆ ಕೊಡಲಿ ಬೇಡ ಎಂದರೆ ಅದರ ಫಲ ಕಣ್ಣಿಗೆ ಕಾಣುತ್ತದೆ. ಹೆಣ್ಣಿನ ಪಾದ ಬೇಡ ಎಂದು ದ್ವೀಪಕ್ಕೆ ಸಿಕ್ಕಿದ್ದೇನು?

ನಿನ್ನ ತಡೆಗಳಲ್ಲಿ ನಾನು ಮನಸಾರೆ ಕೈಮುಗಿಯುವುದು ಕಲ್ಲಿನಲ್ಲಿ ಬರೆದದ್ದಕ್ಕೆ. ಸರೋವರದಿಂದ ಮೂವತ್ತು ಕಿಲೋಮೀಟರ್ ಕೆಳಗೆ ತಿಸಿಸ್ಸಾತ್ ಜಲಪಾತ ಧುಮುಕುತ್ತದೆ. ಕೆಳಗಿನ ಹೊಳೆಯ ಮೀನು ಅದನ್ನು ಹತ್ತಿ ಬರಲಾರದು. ಹೀಗೆ ಮೇಲೆ ಒಂಟಿಯಾಗಿ ಉಳಿದ ಮೀನುಗಳು ತಮ್ಮಷ್ಟಕ್ಕೆ ಕವಲೊಡೆದು ಸುಮಾರು ಹದಿನೈದು ಬಗೆಯಾದವು, ಹೆಚ್ಚಿನವು ಲೋಕದಲ್ಲಿ ಬೇರೆಲ್ಲೂ ಇಲ್ಲದವು. ಲೇಬಿಯೋಬಾರ್ಬಸ್ ಎಂಬ ಕುಲ. ನಮ್ಮ ಕಾವೇರಿಯ ಬಿಳಿಮೀನಿಗೆ ದೂರದ ನೆಂಟರು. ಮಳೆಗಾಲದಲ್ಲಿ ಅವುಗಳಲ್ಲಿ ಹಲವು ಬಗೆಯವು ಗುಮಾರಾದಂಥ ಹೊಳೆಗಳ ಬಾಯಲ್ಲಿ ಗುಂಪುಗೂಡಿ, ಮೊಟ್ಟೆಯಿಡಲು ಮೇಲಕ್ಕೆ ಏರುತ್ತವೆ. 1986ರಲ್ಲಿ ಮೋಟಾರು ದೋಣಿ, ನೈಲಾನ್ ಬಲೆಗಳ ವ್ಯಾಪಾರ ಶುರುವಾದ ಮೇಲೆ ಬಲೆ ಕಾಯುವುದೂ ಅಲ್ಲೇ. ಉಪವಾಸದ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುವ ಭಕ್ತರಲ್ಲಿ ಅನೇಕರು ಮೀನನ್ನು ಬಿಡುವುದಿಲ್ಲ. ನಿನ್ನ ವ್ರತದ ಭಾರ ಮೀನಿನ ಬೆನ್ನಿಗೆ.

2011ರಿಂದ ಅಂತರಗಂಗೆಯೂ ಬಂದಿದೆ. ನಮ್ಮ ಕೆರೆಗಳನ್ನು ಮುಚ್ಚಿದ ಅದೇ ನೇರಳೆ ಹೂವಿನ ಕಳೆ. ಹೊಲದ ಗೊಬ್ಬರ ತೊಳೆದು ಬಂದಷ್ಟೂ ಕೊಬ್ಬುತ್ತದೆ. ರೈತರು ಸೊಂಟದ ನೀರಿನಲ್ಲಿ ನಿಂತು ಕೈಯಲ್ಲಿ ಎಳೆದರು. 2015ರಲ್ಲಿ ಯುನೆಸ್ಕೊ ಸರೋವರವನ್ನು ಜೀವಗೋಳ ಮೀಸಲು ಎಂದಿತು. ಕಳೆಗೆ ಓದು ಬರುವುದಿಲ್ಲ. 2023ರಿಂದ ಸರೋವರವಿರುವ ಅಮ್ಹಾರಾ ಸೀಮೆಯಲ್ಲಿ ಬಂದೂಕಿನ ಸದ್ದು ಬೇರೆ. ಅದನ್ನು ನೀನೇ ನಿಲ್ಲಿಸಬೇಕು.

ಜೊಂಡು ಕಟ್ಟಿ ಟಾಂಕ್ವಾ ದೋಣಿ ಹೆಣೆಯುವ ವೈಟೊ ಜನರನ್ನು ಮರೆಯಬೇಡ. ಒಂದು ಕಾಲಕ್ಕೆ ನೀರಾನೆಯನ್ನು ಬೇಟೆಯಾಡಿ ತಿಂದವರೆಂದು ಊರು ಅವರನ್ನು ದೂರವಿಟ್ಟಿತು.

ಸ್ವಾಮಿ, ನನ್ನ ಬೇಡಿಕೆ ಚಿಕ್ಕದು. ಮೀನು ಹೊಳೆ ಏರುವ ತಿಂಗಳುಗಳಲ್ಲಿ ಹೊಳೆಬಾಯಿಗೆ ಬಲೆ ಬೀಳದಂತೆ ತಡೆ ಹಾಕು. ಮಠದವರ ಬಾಯಿಂದಲೇ ಆ ಮಾತು ಬರಲಿ, ಅವರು ಹೇಳಿದರೆ ಜನ ಕೇಳುತ್ತಾರೆ. ಜೊತೆಗೆ, ಬಲೆ ಒಣಗುವ ಆ ದಿನಗಳಲ್ಲಿ ಬೆಸ್ತರ ಮನೆಯ ತೆಫ್ ಧಾನ್ಯದ ಹಿಟ್ಟು ಬರಿದಾಗದಿರಲಿ. ಆ ಹಿಟ್ಟು ಯಾರ ಕಣಜದಿಂದ ಬರಬೇಕೆಂದು ಸಂನ್ಯಾಸಿಗಳೂ ಸರ್ಕಾರದವರೂ ಬೆಸ್ತರ ಹೆಂಗಸರೂ ಒಂದೇ ಚಾಪೆಯ ಮೇಲೆ ಕೂತು ಲೆಕ್ಕ ಹಾಕಲಿ. ಕಾಫಿ ಕುಡಿಯುತ್ತಲೇ ಹಾಕಲಿ, ಅದಕ್ಕೀಗ ಅಡ್ಡಿಯಿಲ್ಲವಲ್ಲ.